ಗಲ್ಫ್ ವಿಮಾನದ ಹೊಗೆ ಯಾರ ಲೆಕ್ಕಕ್ಕೆ?

ಕಾರವಾರ, ಅಂಕೋಲಾದವರು ದುಬೈಗೆ ಹೊರಟರೆ ಸಾಮಾನ್ಯವಾಗಿ ಗೋವಾಕ್ಕೆ ಹೋಗಿ ವಿಮಾನ ಹತ್ತುತ್ತಾರೆ. ಆ ವಿಮಾನ ಬಿಡೋ ಹೊಗೆಯನ್ನ ಯಾರ ಹೆಸರಲ್ಲಿ ಬರೀಬೇಕು? ಇವತ್ತು ಅದನ್ನೇ ಮಾತಾಡೋಣ.

ಕಾರವಾರಕ್ಕೆ ವಿದೇಶ ಹೊಸದಲ್ಲ. 1638ರಲ್ಲೇ ಇಂಗ್ಲಿಷರು ಇಲ್ಲಿ ಕೋಠಿ ಇಟ್ಟಿದ್ದರು. ಕಾಳುಮೆಣಸು, ನಯವಾದ ಹತ್ತಿ ಬಟ್ಟೆ ಹಾಯಿಹಡಗು ಹತ್ತುತ್ತಿದ್ದವು. ಇಂಧನ ಅಂದ್ರೆ ಗಾಳಿ, ಅಷ್ಟೇ. ಗಾಳಿ ತಿರುಗೋವರೆಗೂ ತಿಂಗಳುಗಟ್ಟಲೆ ಕಾಯಬೇಕು. ಆಮೇಲೆ ಕಲ್ಲಿದ್ದಲಿನ ಸ್ಟೀಮರ್ ಬಂತು, 1869ರಲ್ಲಿ ಸುಯೆಜ್ ಕಾಲುವೆ ತೆರೀತು. ಕಾಯೋದು ಕಮ್ಮಿಯಾಯ್ತು, ಹೊಗೆ ಶುರುವಾಯ್ತು.

ಈಗ ಲೆಕ್ಕಕ್ಕೆ ಬನ್ನಿ. ಒಂದು ಕಿಲೋ ವಿಮಾನ ಇಂಧನ ಉರಿದರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್. ಸರಾಸರಿ ಹಿಡಿದರೆ ಪ್ರಯಾಣಿಕರೊಬ್ಬರಿಗೆ ಕಿಲೋಮೀಟರಿಗೆ ಸುಮಾರು 90 ಗ್ರಾಂ. ಗೋವಾ-ದುಬೈ ನೇರ ದೂರ ಸುಮಾರು 2,200 ಕಿ.ಮೀ. ಹೋಗಿ ಬಂದರೆ ಹತ್ತಿರಹತ್ತಿರ 400 ಕಿಲೋ! ಸರಾಸರಿ ಭಾರತೀಯನ ಪಾಲು ವರ್ಷಕ್ಕೆ ಸುಮಾರು 2 ಟನ್. ಅದರ ಐದನೇ ಒಂದು ಭಾಗ ಒಂದೇ ರಜೆಯಲ್ಲಿ ಮುಗೀತು.

ಆದರೆ ಇದು ಭಾರತದ ಒಟ್ಟು ಲೆಕ್ಕದಲ್ಲಿ ಸೇರಲ್ಲ. 1997ರ ಕ್ಯೋಟೋ ಒಪ್ಪಂದದಲ್ಲಿ ಅಂತರರಾಷ್ಟ್ರೀಯ ವಿಮಾನ, ಹಡಗುಗಳ ಹೊಗೆಯನ್ನ ದೇಶಗಳ ಗುರಿಯಿಂದ ಹೊರಗಿಟ್ಟು, ವಿಶ್ವಸಂಸ್ಥೆಯ ವಿಮಾನ ಮತ್ತು ಹಡಗು ಸಂಸ್ಥೆಗಳಿಗೆ ಒಪ್ಪಿಸಿದರು. ದೇಶಗಳು ಬೇರೆ ಸಾಲಿನಲ್ಲಿ ಬರೀತವೆ, ಅದೂ ಇಂಧನ ತುಂಬಿಸಿದ ಜಾಗದ ಪ್ರಕಾರ. ಹೋಗುವಾಗಿನದು ಭಾರತದ ಪಕ್ಕದ ಸಾಲಿಗೆ, ಬರುವಾಗಿನದು ಎಮಿರೇಟ್ಸ್‌ನ ಪಕ್ಕದ ಸಾಲಿಗೆ. ಪ್ರಯಾಣಿಕ ಯಾವ ಊರಿನವನು ಅಂತ ಯಾರೂ ಕೇಳಲ್ಲ.

ಊರಿನ ಪ್ರಕಾರ ಬರೆದರೆ ನ್ಯಾಯ ಸಿಗುತ್ತಾ? ನನಗೆ ಅನುಮಾನ. ಎರಡು ವರ್ಷಕ್ಕೊಮ್ಮೆ ಮನೆಗೆ ಬರೋ ಕೆಲಸಗಾರನನ್ನೂ, ವೀಕೆಂಡಿಗೆ ದುಬೈ ಸುತ್ತೋರನ್ನೂ ಒಂದೇ ತಕ್ಕಡಿಯಲ್ಲಿ ಇಡೋದು ಹೇಗೆ?

ಬ್ರಿಟನ್ 2033ರಿಂದ ಈ ಹೊಗೆಯನ್ನ ತನ್ನ ಕಾರ್ಬನ್ ಬಜೆಟ್‌ಗೆ ಸೇರಿಸಿಕೊಳ್ಳಲಿದೆ. ಭಾರತ 2027ರಿಂದ 'ಕೋರ್ಸಿಯಾ' ಯೋಜನೆಗೆ ಸೇರುತ್ತೆ. ಅದರಲ್ಲಿ ಏರ್‌ಲೈನ್‌ಗಳು ಒಟ್ಟು ಹೊಗೆಗಲ್ಲ, 2019ರ ಮಟ್ಟದ ಶೇ 85ಕ್ಕಿಂತ ಮೇಲೆ ಬೆಳೆದ ಹೊಗೆಗಷ್ಟೇ ಪರಿಹಾರ ಕೊಡಬೇಕು.

ಇತ್ತ ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಯ ವಾಯುನೆಲೆ ಜತೆಗೇ ನಾಗರಿಕ ವಿಮಾನ ನಿಲ್ದಾಣದ ಯೋಜನೆಯಿದೆ. ಸೀಬರ್ಡ್‌ಗೆ ಜಮೀನು ಬಿಟ್ಟುಕೊಟ್ಟ ತಾಲ್ಲೂಕು ಅದು. ಇಲ್ಲಿ ಮತ್ತೆ ಭೂಮಿಯದ್ದೇ ಮಾತು, ಹೊಗೆಯದ್ದಲ್ಲ.