ದುಡಿದು ಸವೆದದ್ದಲ್ಲ, ಕೂತು ಕೆಟ್ಟದ್ದು

ಮಳೆಗಾಲದ ಮಲೆನಾಡಿನ ಏರಿನಲ್ಲಿ ಹಳೆಯ ಜೀಪು ಹೂತು ನಿಂತು, ಲಿವರ್ ಎಳೆದರೂ ಮುಂದಿನ ಚಕ್ರ ಅಲುಗದಿದ್ದರೆ ಸಾಮಾನ್ಯವಾಗಿ ಕೇಳಿಬರುವ ತೀರ್ಪು ಒಂದೇ: ‘ಫೋರ್ ವೀಲ್ ಬೀಳ್ತಿಲ್ಲ, ಗೇರ್‌ಬಾಕ್ಸ್ ಹೋಗಿದೆ.’ ಇದರ ಮೊದಲರ್ಧ ನಿಜ, ಎರಡನೆಯರ್ಧ ಬಹಳ ಸಲ ತಪ್ಪು. ಇಷ್ಟು ವರ್ಷ ದುಡಿದ ಗಾಡಿ ಸವೆದಿರಲೇಬೇಕು ಎಂಬ ಊಹೆಯಿಂದ ಹುಟ್ಟಿದ ತೀರ್ಪು ಅದು. ಆದರೆ ನಾಲ್ಕು ಚಕ್ರದ ಎಳೆತ ಬೆಳೆದು ಬಂದ ದಾರಿಯನ್ನು ನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ವ್ಯವಸ್ಥೆಗೆ ಸೇರಿದ ಹೊಸ ಭಾಗಗಳಲ್ಲಿ ಹೆಚ್ಚಿನವು ಅದನ್ನು ದುಡಿಸುವುದಕ್ಕಲ್ಲ, ಡಾಂಬರು ರಸ್ತೆಯಲ್ಲಿ ಅದಕ್ಕೆ ಬಿಡುವು ಕೊಡುವುದಕ್ಕೆ ಬಂದವು. ಹಳೆಯ ಗಾಡಿಗಳಲ್ಲಿ ಮೊದಲು ಕೈಕೊಡುವುದು ಆ ಬಿಡುವಿನ ಭಾಗಗಳೇ.

ಮೂಲದ ಜೀಪಿನಲ್ಲಿ ಇಂಥ ಏರ್ಪಾಡೇ ಇರಲಿಲ್ಲ. ಅಮೆರಿಕದ ಸೈನ್ಯ ಕೇಳಿದ ಹಗುರ ಗಾಡಿಯ ಮೊದಲ ಮಾದರಿಯನ್ನು ಬ್ಯಾಂಟಮ್ ಕಂಪನಿ 1940ರ ಸೆಪ್ಟೆಂಬರಿನಲ್ಲಿ ಒಪ್ಪಿಸಿತು. ಮರುವರ್ಷದಿಂದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಯುದ್ಧ ಮುಗಿಯುವವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಕಟ್ಟಿದವು. ಗೇರ್‌ಬಾಕ್ಸಿನ ಹಿಂದೆ ಸ್ಪೈಸರ್ 18 ಎಂಬ ಟ್ರಾನ್ಸ್‌ಫರ್ ಕೇಸ್, ಅದಕ್ಕೆ ಎರಡು ಲಿವರ್: ಒಂದು ಮುಂದಿನ ಆಕ್ಸಲಿಗೆ ಶಕ್ತಿ ಕೊಡಲು, ಇನ್ನೊಂದು ಲೋ ಗೇರಿಗೆ. ಲಿವರಿನಿಂದ ಗೇರಿನವರೆಗೆ ಬರೀ ಕಬ್ಬಿಣ. ಈ ಗಾಡಿಯ ವಿನ್ಯಾಸದಲ್ಲಿ ಅಡಗಿದ್ದ ನಂಬಿಕೆ ಒಂದೇ, ಕಾಲಡಿ ಕೆಸರೋ ಮರಳೋ ಇರುತ್ತದೆ ಎಂಬುದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಎರಡೂ ಆಕ್ಸಲುಗಳನ್ನು ನೇರವಾಗಿ ಬೆಸೆದಾಗ ಆ ವ್ಯತ್ಯಾಸ ಎಲ್ಲಾದರೂ ಕರಗಲೇಬೇಕು. ಕೆಸರಿನಲ್ಲಿ ಚಕ್ರ ಜಾರಿ ಅದು ಕರಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲ, ಶಾಫ್ಟುಗಳೇ ಹುರಿಗೊಂಡು ನಿಲ್ಲುತ್ತವೆ, ಲಿವರ್ ಸಿಕ್ಕಿಬೀಳುತ್ತದೆ. ಇಂದಿಗೂ ಎಷ್ಟೋ ಹಳೆಯ ಗಾಡಿಗಳಲ್ಲಿ ‘ಫೋರ್ ವೀಲ್ ಬಿಡ್ತಿಲ್ಲ’ ಎಂಬ ದೂರಿಗೆ ಇದೇ ಕಾರಣ. ನೇರವಾಗಿ ಹತ್ತಾರು ಅಡಿ ಹಿಂದಕ್ಕೆ ಓಡಿಸಿದರೆ ಆ ಹುರಿ ಬಿಚ್ಚಿಕೊಳ್ಳುತ್ತದೆ, ಲಿವರ್ ತಾನಾಗಿ ಸಡಿಲವಾಗುತ್ತದೆ. ಅಲ್ಲಿ ಮುರಿದದ್ದು ಏನೂ ಇಲ್ಲ.

ಯುದ್ಧದ ನಂತರ ಜೀಪು ರೈತರ, ವ್ಯಾಪಾರಿಗಳ ಕೈಗೆ ಬಂತು. ನಮ್ಮಲ್ಲಿ ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಆಗ ಗಾಡಿ ಬಹುಪಾಲು ಓಡುತ್ತಿದ್ದುದು ಒಳ್ಳೆಯ ರಸ್ತೆಯಲ್ಲಿ, ಎರಡೇ ಚಕ್ರದ ಎಳೆತದಲ್ಲಿ. ಆದರೂ ಮುಂದಿನ ಆಕ್ಸಲ್, ಕ್ರೌನ್-ಪಿನಿಯನ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲವೂ ಚಕ್ರದ ಜೊತೆ ಸುಮ್ಮನೆ ತಿರುಗುತ್ತಿದ್ದವು. ಇದು ದಂಡದ ದುಡಿಮೆ ಎಂದು ಕಂಡ ಆರ್ಥರ್ ವಾರ್ನ್ ಎಂಬಾತ 1948ರಲ್ಲಿ ಅಮೆರಿಕದ ಸಿಯಾಟಲ್ ಬಳಿ ಚಕ್ರದ ನಡುವೆ ಕೂರುವ ಲಾಕಿಂಗ್ ಹಬ್ ಮಾಡಲು ಹೊರಟ. ಹಬ್ ತಿರುಗಿಸಿ ಬಿಟ್ಟರೆ ಚಕ್ರ ಒಂದೇ ಉರುಳುತ್ತದೆ, ಒಳಗಿನದೆಲ್ಲ ನಿಂತೇ ಇರುತ್ತದೆ. ಪೆಟ್ರೋಲೂ ಉಳಿಯಿತು, ಸವೆತವೂ ತಗ್ಗಿತು. ಆದರೆ ಅದರ ಜೊತೆಗೇ, ತಿರುಗುವಾಗ ಕ್ರೌನ್ ಮೇಲಕ್ಕೆ ಚಿಮ್ಮುತ್ತಿದ್ದ ಎಣ್ಣೆಯೂ ನಿಂತಿತು. ವರ್ಷಗಟ್ಟಲೆ ತಿರುಗಿಸದ ಹಬ್ಬಿನೊಳಗೆ ಗ್ರೀಸ್ ಗಟ್ಟಿಯಾಗಿ ಮೇಣವಾಗುತ್ತದೆ, ನೀರು ಸೇರಿ ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಹಬ್ಬಿನಲ್ಲೂ ಇದೇ ಗುಣ, ಇದೇ ದೋಷ. ಅಷ್ಟರಲ್ಲಾಗಲೇ ಮಳೆಯಲ್ಲಿ ಇಳಿದು ಹಬ್ ತಿರುಗಿಸುವ ಕಷ್ಟವೂ ಬೇಡವೆನಿಸಿತು. 1984ರ ಜೀಪ್ ಚೆರೋಕಿಯಲ್ಲಿ ಮುಂದಿನ ಆಕ್ಸಲನ್ನು ಬೆಸೆಯುವ ಕೆಲಸ ಇಂಜಿನ್ನಿನ ವ್ಯಾಕ್ಯೂಮಿಗೆ ಹೋಯಿತು, 1991ರ ಫೋರ್ಡ್ ಎಕ್ಸ್‌ಪ್ಲೋರರಿನಲ್ಲಿ ಲಿವರಿನ ಜಾಗಕ್ಕೆ ಗುಂಡಿಯೂ ಸಣ್ಣ ಮೋಟಾರೂ ಬರತೊಡಗಿದವು. 2002ರಲ್ಲಿ ಭಾರತಕ್ಕೆ ಬಂದ ಮಿತ್ಸುಬಿಷಿ ಪಜೇರೋ ಕೂಡ ವ್ಯಾಕ್ಯೂಮ್ ವಂಶದ್ದೇ. ಅದರ ಡ್ಯಾಶ್‌ಬೋರ್ಡಿನಲ್ಲಿ ಮುಂದಿನ ಚಕ್ರದ ದೀಪ ಮಿಟುಕುತ್ತಲೇ ಇದ್ದರೆ, ಆಜ್ಞೆ ಹೋಗಿದೆ ಆದರೆ ಬೆಸುಗೆ ಆದ ಸುದ್ದಿ ಬಂದಿಲ್ಲ ಎಂದರ್ಥ. ಬಿರುಕು ಬಿಟ್ಟ ಒಂದು ರಬ್ಬರ್ ಪೈಪು ಸಾಕು ಇದಕ್ಕೆ.

ಆದ್ದರಿಂದ ದೋಷ ಹುಡುಕುವ ಕ್ರಮ ಇತಿಹಾಸವನ್ನು ಹಿಂದುಮುಂದಾಗಿ ಓದಿದಂತಿರಬೇಕು: ಕೊನೆಗೆ ಬಂದದ್ದನ್ನು ಮೊದಲು ನೋಡುವುದು. ಫ್ಯೂಸ್, ಸ್ವಿಚ್, ಮೋಟಾರಿನ ವೈರು, ವ್ಯಾಕ್ಯೂಮ್ ಪೈಪು, ಆಮೇಲೆ ಹಬ್, ಆಮೇಲೆ ಲಿವರಿನ ಕೊಂಡಿ, ಗೇರು ಕಟ್ಟಕಡೆಗೆ. ಲಿವರಿರುವ ಹಳೆಯ ಜೀಪಿನಲ್ಲಿ ಪರೀಕ್ಷೆ ಇನ್ನೂ ಸರಳ. ಇಂಜಿನ್ ನಿಲ್ಲಿಸಿ, ಎರಡೂ ಹಬ್ ಬಿಡಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಫೋರ್ ವೀಲ್ ಹಾಕಿ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಅದು ಬಿಗಿಯಾಗಿ ನಿಂತರೆ ಟ್ರಾನ್ಸ್‌ಫರ್ ಕೇಸ್ ಸರಿಯಿದೆ. ಸಲೀಸಾಗಿ ತಿರುಗಿದರೆ ಲಿವರಿನ ಕೊಂಡಿಯನ್ನೋ ಒಳಗಿನ ಫೋರ್ಕನ್ನೋ ನೋಡಬೇಕು. ನಂತರ ಫೋರ್ ವೀಲ್ ಬಿಡಿಸಿ, ಎರಡೂ ಹಬ್ ಲಾಕ್ ಮಾಡಿ, ಮುಂದಿನ ಒಂದು ಚಕ್ರವನ್ನು ಜಾಕಿನ ಮೇಲೆ ಎತ್ತಿ ತಿರುಗಿಸಬೇಕು. ಜೊತೆಗೆ ಆ ಶಾಫ್ಟ್ ತಿರುಗದಿದ್ದರೆ ಬಹುತೇಕ ಹಬ್ ಹಿಡಿದಿಲ್ಲ. ಗೇರ್‌ಬಾಕ್ಸ್ ಇಳಿಸುವ ಮಾತು ಇಷ್ಟಾದ ಮೇಲೆ ಬರಬೇಕು.

ಹಾಗಾದರೆ ಸವೆತ ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ, ಶಾಫ್ಟಿನ ಕ್ರಾಸ್ ಸವೆಯುತ್ತದೆ, ಕ್ರೌನ್-ಪಿನಿಯನ್ ಹಲ್ಲು ಹೋಗುತ್ತದೆ. ಆದರೆ ಸವೆತಕ್ಕೆ ಸದ್ದಿದೆ. ಅದು ತಿರುವಿನಲ್ಲಿ ಟಕ್ ಟಕ್ ಎನ್ನುತ್ತದೆ, ವೇಗದಲ್ಲಿ ಗುಂಯ್‌ಗುಡುತ್ತದೆ, ತಿಂಗಳುಗಟ್ಟಲೆ ಮುನ್ಸೂಚನೆ ಕೊಡುತ್ತದೆ. ಕೂತು ಕೆಟ್ಟದ್ದಕ್ಕೆ ಸದ್ದಿಲ್ಲ. ಬೇಸಿಗೆಯಿಡೀ ಗಾಡಿ ಚೆನ್ನಾಗಿಯೇ ಓಡುತ್ತದೆ, ಬೇಕಾದ ದಿನವೇ ಕೈಕೊಡುತ್ತದೆ. ಸದಾ ನಾಲ್ಕೂ ಚಕ್ರ ದುಡಿಯುವ ಗಾಡಿಗಳಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. 1970ರ ರೇಂಜ್ ರೋವರ್, 1977ರ ಲಾಡಾ ನಿವಾ ಅಂಥವು. ನಡುವೆ ಒಂದು ಡಿಫರೆನ್ಷಿಯಲ್ ಇಟ್ಟು ತಿರುವಿನ ಹುರಿಯ ಸಮಸ್ಯೆಯನ್ನೇ ಕಳೆದುಕೊಂಡವು. ಅವು ನನ್ನ ವಾದಕ್ಕೆ ಎದುರಲ್ಲ, ಸಾಕ್ಷಿ. ಅವುಗಳ ರಿಪೇರಿ ಸವೆತದ ರಿಪೇರಿ. ಮುಂದಿನ ಆಕ್ಸಲ್ ಜಡಗಟ್ಟಿ ಎಚ್ಚರಾಗದ ತೊಂದರೆ ಅವಕ್ಕಿಲ್ಲ, ಅದು ಮಲಗುವುದೇ ಇಲ್ಲವಲ್ಲ.

ಗಾಡಿ ಕಟ್ಟಿದವರಿಗೂ ಇದು ಗೊತ್ತಿರುವ ವಿಷಯ. ಟೊಯೋಟಾ ತನ್ನ ಫೋರ್ ವೀಲ್ ಗಾಡಿಗಳ ಜೊತೆ ಕೊಡುವ ಕೈಪಿಡಿಗಳಲ್ಲಿ ತಿಂಗಳಿಗೆ ಕನಿಷ್ಠ 16 ಕಿಲೋಮೀಟರ್ ನಾಲ್ಕು ಚಕ್ರದ ಎಳೆತದಲ್ಲೇ ಓಡಿಸಿ ಎಂದು ಬರೆದಿದೆ, ಮುಂದಿನ ಭಾಗಗಳಿಗೆ ಎಣ್ಣೆ ಹರಿಯಲಿ ಎಂದು.