ಬೀಡಿಯ ಮೊರ, ಮಕ್ಕಳ ಸ್ಲೇಟು

ಕರಾವಳಿಯ ಮುಸ್ಲಿಮರ ಚರಿತ್ರೆ ಬರೆಯಲು ಕುಳಿತರೆ ನಾವು ಬಂದರು, ಮಸೀದಿ, ವ್ಯಾಪಾರಗಳನ್ನು ನೆನೆಯುತ್ತೇವೆ. ಬೀಡಿಯ ಮೊರ ನೆನಪಾಗುವುದು ಕಡಿಮೆ. ಆದರೆ ದಕ್ಷಿಣ ಕನ್ನಡದ ಎಷ್ಟೋ ಬಡ ಮನೆಗಳಿಗೆ, ಅವು ಬ್ಯಾರಿಗಳದ್ದಾಗಲಿ ಬಿಲ್ಲವರದ್ದಾಗಲಿ, ಅಕ್ಕಿ ತಂದದ್ದು ಆ ಮೊರವೇ. ದುಡಿಯುವ ತಾಯಿಗೆ ಸರಕಾರ ಕೊಟ್ಟ ಆಸರೆ ಅವಳ ಮಕ್ಕಳಿಗೆ ಎಷ್ಟು ತಲುಪಿತು ಎಂಬುದನ್ನೂ ಅದರ ಪಕ್ಕದಲ್ಲೇ ಕುಳಿತು ನೋಡಬೇಕು.

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ತಂದಿತು. ಕೆಲಸದ ಹೊತ್ತು, ರಜೆ, 50ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಕೂಸುಗಳಿಗೊಂದು ಕೋಣೆ, ಎಲ್ಲವೂ ಅದರಲ್ಲಿತ್ತು. 14 ವರ್ಷ ತುಂಬದವರನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂದೂ ಇತ್ತು. ಕೇರಳ ಇದನ್ನು 1968ರಲ್ಲಿ ಜಾರಿಗೊಳಿಸಿದಾಗ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಅಲ್ಲಿನ ಕೆಲಸ ನಿಲ್ಲಿಸಿದವು. ಕೆಲಸ ಹೋದವರು 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿಕೊಂಡರು. ಅಲ್ಲಿ ಕೆಲಸ ಶೆಡ್ಡಿನಲ್ಲೇ ಮುಗಿಯುತ್ತಿತ್ತು, ಮನೆಗೆ ಬರುತ್ತಿರಲಿಲ್ಲ.

ನಮ್ಮಲ್ಲಿ ಕೆಲಸ ಮನೆಯೊಳಕ್ಕೇ ಬಂತು. ಕಂಟ್ರಾಕ್ಟರ್ ಎಲೆ, ಹೊಗೆಸೊಪ್ಪಿನ ಪುಡಿ ತೂಗಿ ಕೊಡುತ್ತಾನೆ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಸಾವಿರ ತುಂಬಲು ತಾಯಿಯ ಎರಡು ಕೈ ಸಾಲದು. ಶಾಲೆಯಿಂದ ಬಂದ ಹುಡುಗಿ ಸ್ಲೇಟು ಬದಿಗಿಟ್ಟು ಎಲೆ ಕತ್ತರಿಸಬೇಕು, ಬೀಡಿಯ ತುದಿ ಮಡಚಬೇಕು. ಮನೆಯಲ್ಲಿ ಕಟ್ಟುವವರನ್ನೂ ಕಾಯ್ದೆ ಕಾರ್ಮಿಕರೆಂದು ಒಪ್ಪಿತ್ತು, ನಿಜ. ಆದರೆ ಕೂಸಿನ ಕೋಣೆ ಕಾರ್ಖಾನೆಗೆ ಮೀಸಲು. ಕೂಸು ಇದ್ದದ್ದು ಮನೆಯಲ್ಲಿ, ಹೊಗೆಸೊಪ್ಪಿನ ಧೂಳಿನಲ್ಲಿ. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿ ಕೆಲಸವನ್ನು ಮಕ್ಕಳಿಗೆ ನಿಷೇಧಿಸಿತು, ಮನೆಯವರೊಡನೆ ಮಾಡುವ ಕೆಲಸಕ್ಕೆ ವಿನಾಯಿತಿ ಕೊಟ್ಟಿತು. 2016ರ ತಿದ್ದುಪಡಿಯವರೆಗೂ ಆ ಮಾತು ಹಾಗೆಯೇ ಉಳಿಯಿತು. ಮಗು ಯಾವ ಮನೆಯಲ್ಲಿ ದುಡಿಯುತ್ತಿತ್ತೋ ಆ ಮನೆಯ ಹೊಸ್ತಿಲಲ್ಲೇ ಕಾನೂನು ನಿಂತುಬಿಟ್ಟಿತು.

ಹೊಸ್ತಿಲು ದಾಟಿದ್ದು 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ. ಬೀಡಿಯ ಮೇಲಿನ ಸೆಸ್ಸಿನ ಹಣದಲ್ಲಿ ಆಸ್ಪತ್ರೆ, ಮನೆ ಕಟ್ಟಲು ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ. ಮಗು ತರಗತಿಯಲ್ಲಿದ್ದರೆ ಮಾತ್ರ ಸಿಗುವ ಹಣವಿದು. ಮೊರದ ಬದಿಯಿಂದ ಅದನ್ನು ಶಾಲೆಯ ಕಡೆಗೆ ಎಳೆಯುವ ಒಂದು ಹಗ್ಗ. ಆದರೆ ಅದಕ್ಕೆ ಗುರುತಿನ ಚೀಟಿ ಬೇಕು. ಅತ್ತೆ, ಸೊಸೆ, ನಾದಿನಿ ಮೂವರೂ ಕಟ್ಟಿದ ಬೀಡಿ ಒಬ್ಬಳ ಪಾಸ್‌ಬುಕ್ಕಿನಲ್ಲಿ ಜಮೆಯಾದರೆ ಉಳಿದಿಬ್ಬರ ದುಡಿಮೆಗೆ ಸಾಕ್ಷಿಯಿಲ್ಲ. ಅವರ ಮಕ್ಕಳಿಗೆ ವೇತನವೂ ಇಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಸೆಸ್ಸೂ ರದ್ದಾಯಿತು. ಬೀಡಿಯಿಂದಲೇ ಹುಟ್ಟುತ್ತಿದ್ದ ಹಣಕ್ಕೆ ಈಗ ದೆಹಲಿಯ ಬಜೆಟ್ಟಿನತ್ತ ಕೈ ಚಾಚಬೇಕು.

2025ರ ನವೆಂಬರಿನಲ್ಲಿ 1966ರ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಅದರಲ್ಲೂ ಕೂಸಿನ ಕೋಣೆಗೆ 50ಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಯೇ ಬೇಕು. ಜಗಲಿಯಲ್ಲಿ ಒಬ್ಬಳೇ ಕುಳಿತು ಬೀಡಿ ಕಟ್ಟುವ ತಾಯಿ ಈ ಲೆಕ್ಕಕ್ಕೆ ಎಂದೂ ಸಿಗುವುದಿಲ್ಲ. ತಲೆ ಎಣಿಸಿ ಕೊಡುವ ಆಸರೆಯಲ್ಲಿ ತಾಯಿಯ ತಲೆಯೇ ಲೆಕ್ಕಕ್ಕೆ ಬಾರದಿದ್ದರೆ ಮಗುವನ್ನು ಎಣಿಸುವವರು ಯಾರು? ನಮ್ಮ ಜಮಾಅತ್‌ಗಳೂ ಸಂಘಗಳೂ ಮೊದಲು ಪಾಸ್‌ಬುಕ್ಕಿಲ್ಲದ ಆ ಹೆಂಗಸರ ಹೆಸರುಗಳನ್ನು ಬರೆದಿಡಲಿ.