ಬಿತ್ತಿನ ಮುಡಿಯಿಂದ ಬಾಹ್ಯಾಕಾಶದವರೆಗೆ: ಬೀಜ ಹೋಗಿಬಂದ ದಾರಿ

ಕಾರ್ಕಳ ಕಡೆಯ ಹಳೆ ಮನೆಗಳಲ್ಲಿ ಬಿತ್ತನೆಯ ಭತ್ತವನ್ನು ಮುಡಿ ಕಟ್ಟಿ ಇಡುತ್ತಿದ್ದರು. ಚೆನ್ನಾಗಿ ಒಣಗಿದ ಭತ್ತ, ಸುತ್ತ ಬೈಹುಲ್ಲು, ಮೇಲೆ ಹುಲ್ಲಿನ ಹಗ್ಗದ ಬಿಗಿ. ತೇವ ತಾಗಬಾರದು, ಹುಳ ಹೊಗಬಾರದು. ಮುಂದಿನ ಮಳೆಗಾಲದ ತನಕ ಬೀಜದೊಳಗಿನ ಜೀವ ಉಳಿಯಬೇಕು, ಅಷ್ಟೇ.

ಅದೇ ಬೀಜವನ್ನು ರಾಕೆಟ್ಟಿನಲ್ಲಿಟ್ಟು ಆಕಾಶಕ್ಕೆ ಕಳಿಸಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಸುಮಾರು 80 ವರ್ಷಗಳ ಇತಿಹಾಸವಿದೆ. ಅದರಲ್ಲಿ ನಮ್ಮ ಜಿಲ್ಲೆಯ ಹೆಸರೂ ಬರುತ್ತದೆ.

ಬಾಹ್ಯಾಕಾಶದಲ್ಲಿ ಬೀಜಕ್ಕೆ ಎದುರಾಗುವ ದೊಡ್ಡ ಅಪಾಯ ಕಾಸ್ಮಿಕ್ ಕಿರಣ. ಹೆಸರು ಕಿರಣವಾದರೂ ಇವು ಭಾರೀ ವೇಗದಲ್ಲಿ ನುಗ್ಗುವ ಸೂಕ್ಷ್ಮ ಕಣಗಳು. ಈ ಕಣಗಳನ್ನು ಅಭ್ಯಾಸ ಮಾಡುತ್ತಲೇ ವಿಜ್ಞಾನಿಯಾದವರು ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್. ಉಡುಪಿಯಲ್ಲಿ ಓದಿ, ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ಇದೇ ವಿಷಯದ ಸಂಶೋಧನೆ ಮಾಡಿದರು. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಕಟ್ಟಿದ ತಂಡಕ್ಕೆ ಮುಂದಾಳಾದವರೂ ಅವರೇ.

ನೆಲದ ಮೇಲೆ ನಮ್ಮನ್ನು ವಾತಾವರಣ ಮತ್ತು ಭೂಮಿಯ ಕಾಂತಶಕ್ತಿ ಕಾಯುತ್ತವೆ, ಭತ್ತವನ್ನು ಬೈಹುಲ್ಲು ಕಾದ ಹಾಗೆ. ಮೇಲೆ ಹೋದಂತೆ ಆ ಹೊದಿಕೆ ತೆಳುವಾಗುತ್ತದೆ.

ಮೇಲೆ ಹೋಗಿ ಮೊದಲು ವಾಪಸ್ ಸಿಕ್ಕಿದ್ದು ಜೋಳದ ಬೀಜ. 1946ರ ಜುಲೈಯಲ್ಲಿ ಅಮೆರಿಕದವರು ಜರ್ಮನಿಯಿಂದ ತಂದಿದ್ದ ವಿ-2 ರಾಕೆಟ್ಟಿನಲ್ಲಿ ಮೆಕ್ಕೆಜೋಳದ ಬೀಜ ಕಳಿಸಿದರು. 1971ರಲ್ಲಿ ಅಪೋಲೋ 14ರ ಗಗನಯಾತ್ರಿ ಸ್ಟುವರ್ಟ್ ರೂಸಾ ಸುಮಾರು 500 ಮರದ ಬೀಜಗಳನ್ನು ಚಂದ್ರನ ಸುತ್ತ ಸುತ್ತಿಸಿ ತಂದರು. ವಾಪಸ್ ಬಂದ ಮೇಲೆ ಡಬ್ಬಿ ಒಡೆದು ಬೀಜಗಳೆಲ್ಲ ಬೆರೆತುಹೋದವು. ಇನ್ನು ಹುಟ್ಟುವುದಿಲ್ಲ ಎಂದುಕೊಂಡಿದ್ದರು. ಆದರೆ ಹೆಚ್ಚಿನವು ಮೊಳೆತು ಮರಗಳಾದವು. ಪಕ್ಕದಲ್ಲಿ ನೆಟ್ಟ ಸಾಮಾನ್ಯ ಮರಗಳಿಗೂ ಅವಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

1984ರಲ್ಲಿ ಇನ್ನೂ ದೊಡ್ಡ ಪರೀಕ್ಷೆ ನಡೆಯಿತು. ಒಂದೂಕಾಲು ಕೋಟಿ ಟೊಮೆಟೊ ಬೀಜಗಳು ಹೆಚ್ಚುಕಡಿಮೆ ಆರು ವರ್ಷ ಭೂಮಿಯನ್ನು ಸುತ್ತಿ 1990ರಲ್ಲಿ ಇಳಿದವು. ಅವನ್ನು ಶಾಲಾ ಮಕ್ಕಳಿಗೆ ಹಂಚಿದರು. ಈ ಹಣ್ಣು ವಿಷವಾಗಬಹುದು ಎಂಬ ಗುಲ್ಲೂ ಎದ್ದಿತು. ಮಕ್ಕಳು ನೆಟ್ಟು ನೋಡಿದರೆ ಅದೇ ಟೊಮೆಟೊ!

ಯಾಕೆ ಹೀಗೆ? ಒಣ ಬೀಜ ನಿದ್ದೆಯಲ್ಲಿರುತ್ತದೆ. ಅದರಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಕಿರಣದಿಂದ ಆಗುವ ಹಾನಿಯೂ ಕಡಿಮೆ. ಕಣವೊಂದು ಜೀವಕೋಶವನ್ನು ತೂರಿಹೋದರೆ ವಂಶವಾಹಿಯ ದಾರ ತುಂಡಾಗಬಹುದು. ಮೊಳೆಯುವಾಗ ಬೀಜ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಎಲ್ಲೋ ಒಮ್ಮೆ ಗಂಟು ತಪ್ಪಾಗಿ ಬೀಳುತ್ತದೆ. ಆಗ ಗಿಡ ಬದಲಾಗುತ್ತದೆ. ಹಾಗೆ ಬದಲಾದವುಗಳಲ್ಲಿ ಹೆಚ್ಚಿನವು ಉಪಯೋಗಕ್ಕಿಲ್ಲ. ಅಪರೂಪಕ್ಕೆ ಒಂದು ಒಳ್ಳೆಯದಿರುತ್ತದೆ.

ಆ ಅಪರೂಪದ ಒಂದನ್ನು ಹುಡುಕುವ ಕೆಲಸಕ್ಕೆ ಆಕಾಶಕ್ಕೇ ಹೋಗಬೇಕೆಂದಿಲ್ಲ. ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಅಣುಶಕ್ತಿ ಕೇಂದ್ರದಲ್ಲಿ ನೆಲಗಡಲೆಗೆ ಎಕ್ಸ್‌ರೇ ಹಾಯಿಸಿ, ಹಲವು ತಲೆಮಾರು ಬೆಳೆದು ಆರಿಸಿ, 1973ರಲ್ಲಿ ಟಿಜಿ-1 ತಳಿ ಬಿಡುಗಡೆ ಮಾಡಿದರು. ಚೀನಾದವರು 1987ರಿಂದ ಬಾಹ್ಯಾಕಾಶಕ್ಕೆ ಬೀಜ ಕಳಿಸಿ ಇದೇ ರೀತಿ ತಳಿ ಆರಿಸುತ್ತಿದ್ದಾರೆ.

ಈಗ ನಮ್ಮವರ ಸರದಿ. 2024ರ ಡಿಸೆಂಬರ್ 30ರಂದು ಇಸ್ರೋ ಹಾರಿಸಿದ ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಎಂಟು ಅಲಸಂಡೆ ಬೀಜಗಳಿದ್ದವು. ನಮ್ಮ ಹಿತ್ತಲಿನ ಚಪ್ಪರದ ಅದೇ ಅಲಸಂಡೆ! ನಾಲ್ಕೇ ದಿನದಲ್ಲಿ ಮೊಳಕೆ ಬಂತು, ಆಮೇಲೆ ಎಲೆಯೂ ಬಂತು. ಆರು ತಿಂಗಳ ನಂತರ, 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಹೆಸರುಕಾಳು ಮತ್ತು ಮೆಂತೆಯನ್ನು ಅಲ್ಲಿ ಮೊಳಕೆ ಬರಿಸಿದರು. ಆ ಪ್ರಯೋಗ ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು ಅದನ್ನು ರೂಪಿಸಿದ್ದರು.

ಅದೇ ಯಾತ್ರೆಯಲ್ಲಿ ಕೇರಳದ ಬೀಜಗಳೂ ಹೋಗಿದ್ದವು. ಅವುಗಳಲ್ಲಿ ಜ್ಯೋತಿ ಮತ್ತು ಉಮಾ ಎಂಬ ಎರಡು ಭತ್ತದ ತಳಿಗಳಿದ್ದವು. ಜ್ಯೋತಿ ನಮ್ಮ ಕರಾವಳಿಯ ಗದ್ದೆಗೂ ಹೊಸದಲ್ಲ. ಉಮಾ ಹುಟ್ಟಿದ್ದು ಕುಟ್ಟನಾಡಿನ ಮೊಂಕೊಂಪು ಭತ್ತ ಸಂಶೋಧನಾ ಕೇಂದ್ರದಲ್ಲಿ. ನಮ್ಮ ರೈತರು ದಿನಾ ಹೇಳುವ 'ಎಂಒ4' ಭತ್ತ ಬಂದದ್ದೂ ಅಲ್ಲಿಂದಲೇ. ಎಂಒ ಎಂದರೆ ಮೊಂಕೊಂಪು. ಅಂದರೆ ಬಾಹ್ಯಾಕಾಶಕ್ಕೆ ಹೋಗಿಬಂದದ್ದು ನಮ್ಮ ಗದ್ದೆಯ ಭತ್ತದ ತವರುಮನೆಯದ್ದೇ ಇನ್ನೊಂದು ತಳಿ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ನಾಳೆ ನಿಮ್ಮ ಮೊಬೈಲಿಗೆ 'ಬಾಹ್ಯಾಕಾಶದ ಬೀಜ, ದುಪ್ಪಟ್ಟು ಇಳುವರಿ' ಎಂಬ ಜಾಹೀರಾತು ಬರಬಹುದು. ಆಗ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ. ಎಷ್ಟು ತಲೆಮಾರು ಬೆಳೆದು ನೋಡಿದ್ದೀರಿ? ಯಾವ ಕೃಷಿ ವಿಶ್ವವಿದ್ಯಾಲಯ ಪರೀಕ್ಷಿಸಿದೆ? ನಮ್ಮ ಮಳೆಯಲ್ಲಿ, ನಮ್ಮ ಬೈಲುಗದ್ದೆಯಲ್ಲಿ ಬೆಳೆದಿದ್ದೀರಾ?

ಆಕಾಶಕ್ಕೆ ಹೋಗಿಬಂದ ಮಾತ್ರಕ್ಕೆ ಬೀಜ ಒಳ್ಳೆಯದಾಗುವುದಿಲ್ಲ. ಗದ್ದೆಯಲ್ಲಿ ನಿಂತು ಒಳ್ಳೆ ತೆನೆ ಯಾವುದು ಎಂದು ನೋಡಿ, ಅದನ್ನೇ ಬೇರೆ ತೆಗೆದು, ಒಣಗಿಸಿ ಮುಡಿ ಕಟ್ಟುತ್ತಿದ್ದರಲ್ಲ ನಮ್ಮ ಹಿರಿಯರು, ವಿಜ್ಞಾನಿಗಳು ಕೊನೆಗೆ ಮಾಡಬೇಕಾದದ್ದೂ ಅದೇ ಕೆಲಸ.